ಬಿಡ್ತು ಅನ್ನದ ಮೇಷ್ಟ್ರಮ್ಮ

ಕೆಟ್ಟದ್ದನ್ನು ಬಾಯಿಬಿಟ್ಟು ಹೇಳುವುದಕ್ಕೇ ತಿಂಗಳ ಸಂಬಳ ತೆಗೆದುಕೊಳ್ಳುವವರು ಲೋಕದಲ್ಲಿ ಕಡಿಮೆ. ತೈವಾನಿನ ಕಾವೋಶಿಯುಂಗ್ ಬಂದರಿನ ಪಕ್ಕದ ನಮ್ಮ ಉಕ್ಕಿನ ಯಾರ್ಡಿನಲ್ಲಿ ಅಂಥವಳೊಬ್ಬಳು ಇದ್ದಳು. ಹೆಸರು ತೋ ಚಾಯ್‌ಹುನ್. ಮೇಲೆ ಕೂತು ಕ್ರೇನ್ ನಡೆಸುವವರಿಗೂ ಕೆಳಗೆ ನಿಂತು ಕೊಕ್ಕೆ ಹಾಕುವವರಿಗೂ ಸುರಕ್ಷತೆಯ ಪಾಠ ಹೇಳುವುದು ಅವಳ ಕೆಲಸ. ಉಕ್ಕಿನ ಹಗ್ಗ ಹೇಗೆ ಎಳೆಎಳೆಯಾಗಿ ಕಡಿಯುತ್ತದೆ, ಕಡಿದರೆ ಅದರ ತುದಿ ಯಾರ ಕುತ್ತಿಗೆಗೆ ಬಾರಿಸುತ್ತದೆ, ಇಷ್ಟು ಟನ್ ಉಕ್ಕಿನ ಪ್ಲೇಟು ಮೇಲೆ ಬಿದ್ದರೆ ಮನುಷ್ಯನದು ಅಂತ ಏನು ಉಳಿಯುತ್ತದೆ, ಎಲ್ಲವನ್ನೂ ಅವಳು ಸಾರಿಗೆ ಉಪ್ಪು ಎಷ್ಟು ಹಾಕಬೇಕು ಎಂಬಷ್ಟು ಸಲೀಸಾಗಿ ಹೇಳುತ್ತಿದ್ದಳು. ಊಟಕ್ಕೆ ಮುಂಚೆ ಅವಳ ಪಾಠ ಇದ್ದ ದಿನ ಡಬ್ಬಿಯ ಹಂದಿಮಾಂಸ ಅರ್ಧಕ್ಕರ್ಧ ನಾಯಿಗಳ ಪಾಲಾಗುತ್ತಿತ್ತು.

ಮೊದಲು ಅವಳೂ ಮೇಲೆ ಕೂತವಳೇ. ಆ ಕಾಲಕ್ಕೆ ಇಡೀ ಯಾರ್ಡಿನಲ್ಲಿ ಕ್ರೇನ್ ನಡೆಸುವ ಹೆಂಗಸು ಅವಳೊಬ್ಬಳೇ. ಒಂದು ಮಳೆಗಾಲ, ಒದ್ದೆ ಚಪ್ಪಲಿಯಲ್ಲೇ ಏಣಿ ಹತ್ತುತ್ತಿದ್ದ ಮೇಸ್ತ್ರಿಯನ್ನು ನೋಡಿ, "ಇವತ್ತಲ್ಲ ನಾಳೆ ಈತ ಬೀಳ್ತಾನೆ ನೋಡ್ರಿ" ಎಂದಿದ್ದಳು. ಆ ವಾರವೇ ಅವನು ಬಿದ್ದು ಸೊಂಟ ಮುರಿದುಕೊಂಡ. ಒದ್ದೆ ಚಪ್ಪಲಿಯನ್ನು ಯಾರೂ ಬೈಯಲಿಲ್ಲ. ಎಲ್ಲರೂ ಬೈದದ್ದು ಅವಳ ನಾಲಿಗೆಯನ್ನು. ಅಂದಿನಿಂದ ಅವಳಿಗೆ ಕರಿನಾಲಿಗೆ ಎಂಬ ಹೆಸರು ಅಂಟಿತು. ಅವಳ ಕ್ರೇನಿನ ಕೆಳಗೆ ಕೊಕ್ಕೆ ಹಾಕಲು ಜನ ಹಿಂದೆಮುಂದೆ ನೋಡತೊಡಗಿದರು. ಆಗಿನ ಸಾಹೇಬ ಬುದ್ಧಿವಂತ. ಹೆದರಿಸುವ ನಾಲಿಗೆಯವಳನ್ನು ಹೆದರಿಸುವ ಕೆಲಸಕ್ಕೇ ಹಾಕೋಣ ಅಂತ ಅವಳನ್ನು ಪಾಠ ಹೇಳುವ ಕೋಣೆಗೆ ಕಳಿಸಿದ. ಅವಳು ನಗುನಗುತ್ತಲೇ ಹೋದಳು. ಆದರೆ ಮೇಸ್ತ್ರಿ ಬಿದ್ದದ್ದು ತನ್ನ ಮಾತಿನಿಂದಲೇ ಇದ್ದೀತೆ ಎಂಬ ಅನುಮಾನ ಅವಳ ಹೊಟ್ಟೆಯೊಳಗೂ ಒಂದು ಮೂಲೆಯಲ್ಲಿ ಕೂತೇ ಇತ್ತು. ಅವಳೂ ನಮ್ಮವಳೇ ತಾನೆ.

ಅವಳಿಗೆ ಮದುವೆ ಆಗಲಿಲ್ಲ. ಇದ್ದವನು ಒಬ್ಬ ತಮ್ಮ, ಖುನ್‌ಸಾನ್. ಅವನಿಗೆ ಹಲ್ಲು ಮೂಡುವ ಹೊತ್ತಿಗೆ ತಾಯಿ ತೀರಿಕೊಂಡಿದ್ದಳು, ತಂದೆ ಮೀನಿನ ದೋಣಿಯ ಮೇಲೆ ಊರೂರು. ಬೆನ್ನಿಗೆ ಬಟ್ಟೆ ಬಿಗಿದು ಅವನನ್ನು ಹೊತ್ತುಕೊಂಡೇ ಅವಳು ಶಾಲೆಗೆ ಹೋದವಳು. ಈಗ ಅವನಿಗೆ ನರೆ ಬಂದಿದೆ, ಹೆಂಡತಿ ಮಕ್ಕಳಿದ್ದಾರೆ. ಭಾನುವಾರ ಅಕ್ಕನ ಮನೆಗೆ ಬಂದು ಹೂಮೀನಿನ ಸಾರು ಕುಡಿಯದಿದ್ದರೆ ಅವನಿಗೆ ವಾರ ತಿರುಗುತ್ತಿರಲಿಲ್ಲ. ನಾಲ್ಕನೇ ಕ್ರೇನಿನ ಕೆಳಗೆ ಕೊಕ್ಕೆ ಹಾಕುವ ಕೆಲಸ ಅವನದು. ಪ್ಲೇಟುಗಳ ಎರಡು ಗುಡ್ಡೆಗಳ ನಡುವೆ ಇಕ್ಕಟ್ಟಾದ ಜಾಗ. ತೂಗುವ ಪ್ಲೇಟಿನ ಅಂಚಿಗೆ ಅಂಗೈ ಕೊಟ್ಟು ತಿರುಗಿಸದಿದ್ದರೆ ಅದು ಒಳಗೆ ಕೂರುವುದಿಲ್ಲ. ಸರಕಿನ ಕೆಳಗೆ ನಿಲ್ಲಬೇಡಿ ಅಂತ ಅಕ್ಕ ಕೋಣೆಯಲ್ಲಿ ಹೇಳುತ್ತಿದ್ದಳು. ತಮ್ಮ ತಲೆಯಾಡಿಸಿ ಬಂದು ಕೆಳಗೇ ನಿಲ್ಲುತ್ತಿದ್ದ.

ನಮ್ಮಲ್ಲಿ ಪಂಚಾಂಗದ ಏಳನೇ ತಿಂಗಳು ಬಂತೆಂದರೆ ಸತ್ತವರಿರುವ ಆ ಕಡೆಯ ಬಾಗಿಲು ತೆರೆದುಕೊಳ್ಳುತ್ತದೆ. ಹಸಿದವರು ಈ ಕಡೆ ಬಂದು ಅಡ್ಡಾಡುತ್ತಾರೆ. ಅವರನ್ನು ನಾವು ದೆವ್ವ ಎನ್ನುವುದಿಲ್ಲ, ಒಳ್ಳೆಯ ಅಣ್ಣತಮ್ಮಂದಿರು ಎನ್ನುತ್ತೇವೆ. ಆ ತಿಂಗಳು ಹೊಸ ಗಾಡಿ ಕೊಳ್ಳುವುದಿಲ್ಲ, ಮನೆ ಬದಲಿಸುವುದಿಲ್ಲ, ಕತ್ತಲಾದ ಮೇಲೆ ಸೀಟಿ ಊದುವುದಿಲ್ಲ. ಬಯಲಲ್ಲಿ ಯಾರನ್ನೂ ಪೂರ್ತಿ ಹೆಸರು ಹಿಡಿದು ಕರೆಯುವುದಿಲ್ಲ. ಎಲ್ಲಕ್ಕಿಂತ ದೊಡ್ಡದು, ಕೆಟ್ಟ ಮಾತು ಆಡುವುದಿಲ್ಲ. ಅಸ್ತು ಅನ್ನುವುದಕ್ಕೇ ಕಾದು ನಿಂತವರು ಗಾಳಿಯ ತುಂಬ ಇರುವಾಗ ಬಾಯಿಗೆ ಬೀಗ ಇರಬೇಕು. ಹೀಗಾಗಿ ಚಾಯ್‌ಹುನ್‌ಳ ಪಾಠ ಏಳನೇ ತಿಂಗಳಲ್ಲಿ ಎಂದೂ ನಡೆದದ್ದಿಲ್ಲ. ಈ ಸಲ ಮಾತ್ರ ಸರ್ಕಾರಿ ತಪಾಸಣೆಯವರು ತಿಂಗಳು ಮುಗಿಯುತ್ತಲೇ ಬರುತ್ತೇವೆಂದು ಹೇಳಿಕಳಿಸಿದ್ದರು. ಅಷ್ಟರೊಳಗೆ ಎಲ್ಲರ ಪಾಠ ಮುಗಿದಿರಬೇಕು. ಯಾರ್ಡಿನ ಸಾಹೇಬ ಕಾನ್ ದಿನ ಗೊತ್ತುಮಾಡಿ ಕೈತೊಳೆದುಕೊಂಡ.

ಆ ಪಾಠವನ್ನು ನೋಡಬೇಕಿತ್ತು. ಬಂದವರು ಮದುವೆಮನೆಯಲ್ಲಿ ಸಾಲ ಕೊಟ್ಟವನು ಸಿಕ್ಕಿದಂತೆ ಮುಖ ಮಾಡಿ ಕೂತಿದ್ದರು. ಚಾಯ್‌ಹುನ್ ಕೂಡ ಮಾತನ್ನು ಕಾಲ್ತುದಿಯ ಮೇಲೆ ನಡೆಸುತ್ತಿದ್ದಳು.

"ಹಗ್ಗಕ್ಕೆ ವಯಸ್ಸಾದ್ರೆ ಸುಸ್ತಾಗುತ್ತೆ. ಸುಸ್ತಾದ್ರೆ ಸರಕು ಸ್ವಲ್ಪ ಬೇಗ ಇಳಿಯುತ್ತೆ. ಕೆಳಗಿದ್ದವನು ಉದ್ದನೇ ರಜಾ ತಗೋತಾನೆ."

"ಸಂಬಳ ಸಮೇತವಾ ಮೇಷ್ಟ್ರಮ್ಮ?" ಎಂದ ಹಿಂದಿನ ಬೆಂಚಿನವನೊಬ್ಬ.

"ಮೊದಲು ತಗೊಂಡು ನೋಡು, ಆಮೇಲೆ ಹೇಳ್ತೀನಿ."

ನಕ್ಕರು. ನಗು ತಣ್ಣಗಾದ ಮೇಲೆ ಅವಳು ಯಾವಾಗಲೂ ಕೇಳುವ ಪ್ರಶ್ನೆ ಕೇಳಿದಳು. ನಿಮ್ಮ ನಿಮ್ಮ ಕ್ರೇನಿನಲ್ಲಿ ಈಚೆಗೆ ಕಂಡ ದೋಷ ಒಂದೊಂದು ಹೇಳಿ. ಬೇರೆ ತಿಂಗಳಾದರೆ ಸಾಕು ಸಾಕು ಅನ್ನುವಷ್ಟು ಹೇಳುವವರು ಈಗ ಒಬ್ಬರಾದ ಮೇಲೊಬ್ಬರು ಎದ್ದು, "ಎಲ್ಲ ಸುಖ", "ಎಲ್ಲ ಕ್ಷೇಮ", "ನಮ್ಮದು ಹೂವಿನ ಹಾಗಿದೆ" ಎಂದು ಕೂತರು. ಒಬ್ಬನಂತೂ, "ಮುಂದಿನ ತಿಂಗಳು ಕೇಳಿ, ಪುರಾಣಾನೇ ಬಿಚ್ತೀನಿ" ಎಂದ. ನಾಲ್ಕನೇ ಕ್ರೇನಿನ ಕ್ವಾ ಎದ್ದಾಗ ಅವನ ಬಾಯಿ ಒಂದು ಗಳಿಗೆ ತೆರೆದೇ ಇತ್ತು. ಆಮೇಲೆ ಅವನೂ "ಎಲ್ಲ ಸುಖ" ಎಂದ. ಕ್ವಾ ಹಿರಿಯ, ದೈವಭಕ್ತ, ಯಾರ್ಡಿನ ಪೂಜೆಗಳಿಗೆಲ್ಲ ಅವನೇ ಮೊದಲ ಊದುಬತ್ತಿ ಹಚ್ಚುವವನು. ಮೊಟ್ಟೆಯ ಮೇಲೆ ಪ್ಲೇಟು ಇಳಿಸಿದರೂ ಒಡೆಯದಂಥ ಕೈ. ಖುನ್‌ಸಾನ್ ಅವನ ಕೈಕೆಳಗೆ ನಿಂತೇ ನರೆತವನು.

ಮಧ್ಯಾಹ್ನ ಬಯಲಿನ ಪಾಠ. ನಾಲ್ಕನೇ ಕ್ರೇನಿನ ಹತ್ತಿರ ಎಲ್ಲರೂ ನಿಂತರು. ಕ್ವಾ ಪ್ಲೇಟು ಎತ್ತಿದ. ಖುನ್‌ಸಾನ್ ಗುಡ್ಡೆಗಳ ನಡುವೆ ಹೋಗಿ ಅಂಗೈ ಕೊಟ್ಟ. ಚಾಯ್‌ಹುನ್ ನಿಲ್ಲಿಸು ಅಂತ ಕೈ ಎತ್ತಿದಳು. ಪ್ಲೇಟು ನಿಂತಿತು. ಆದರೆ ನಿಲ್ಲಬೇಕಾದ್ದಕ್ಕಿಂತ ಮೇಲೆ ನಿಂತಿತು. ನಿಂತ ಮೇಲೆ, ಯಾರೂ ಏನೂ ಮಾಡದೆ, ತಾನೇ ಒಂದು ಗೇಣು ಕೆಳಗೆ ಬಂತು.

ಬೇರೆ ಯಾರಿಗೂ ಅದು ಕಾಣಲಿಲ್ಲ. ಅಷ್ಟು ವರ್ಷ ಮೇಲೆ ಕೂತಿದ್ದವಳಿಗೆ ಕಂಡಿತು. ಕೈ ಆಡಿಸಿ ಪಾಠ ಮುಗಿಸಿದವಳೇ ಏಣಿ ಹತ್ತಿದಳು.

ಕ್ವಾನ ಪುಟ್ಟ ಕೋಣೆಯಲ್ಲಿ ಹಿಡಿಕೆಗಳ ಪಕ್ಕ ಹಸಿರು ಪೊಟ್ಟಣದ ಜೋಳದ ಕುರುಕಲು ಇತ್ತು. ಅದು ಎಲ್ಲ ಯಂತ್ರಗಳ ಮೇಲೂ ಇರುತ್ತದೆ, ಯಂತ್ರ ಹಠ ಮಾಡದೆ ಜಾಣಮರಿಯಾಗಿರಲಿ ಅಂತ ಇಡುವುದು. ಆದರೆ ಒಂದು ಯಂತ್ರಕ್ಕೆ ಒಂದು ಪೊಟ್ಟಣ. ಇಲ್ಲಿ ಎರಡಿದ್ದವು.

"ಕ್ವಾ ಅಣ್ಣ, ಎರಡು ಯಾಕೆ?"

"ಒಂದು ಸಾಲಲ್ಲ ಅನ್ನಿಸ್ತು."

"ಬ್ರೇಕು ಜಾರ್ತಿದೆ."

ಕ್ವಾ ಕೈಚಾಚಿ ರೇಡಿಯೋ ಜೋರು ಮಾಡಿದ. "ಬಿಡ್ತು ಅನ್ನು, ತಂಗಿ. ಇಲ್ಲಿ ಕೂತು ಅದರ ಎದುರಿಗೇ ಅಂಥ ಮಾತಾಡ್ತಾರಾ? ಸ್ವಲ್ಪ ಸುಸ್ತಾಗಿದೆ ಅದಕ್ಕೆ, ಅಷ್ಟೆ. ತಿಂಗಳು ಮುಗೀಲಿ, ನಾನೇ ಹೇಳಿ ಬಿಚ್ಚಿಸ್ತೀನಿ."

"ಕೆಳಗೆ ನಿಂತಿರೋನು ನನ್ನ ತಮ್ಮ."

"ಅವನು ನನಗೇನು ಬೇರೆಯವನಾ? ಅವನಿದಾನೆ ಅಂತಾನೇ ಅಷ್ಟು ಮೇಲೆ ನಿಲ್ಸೋದು. ಎಷ್ಟು ಜಾರುತ್ತೆ ಅಂತ ನನ್ನ ಕೈಗೆ ಗೊತ್ತು."

"ನಾಳೆ ಇನ್ನೂ ಜಾಸ್ತಿ ಜಾರಿದ್ರೆ?"

ಕ್ವಾ ಎರಡನೇ ಪೊಟ್ಟಣವನ್ನು ನೆಟ್ಟಗೆ ಮಾಡಿ ಇಟ್ಟ. ಅವನು ಕೆಟ್ಟವನಲ್ಲ, ಅವನ ಹಣೆಯ ಮೇಲೆ ಬೆವರಿತ್ತು. ಆ ಮಾತನ್ನು ಹೇಳಿದರೆ ಏನಾದೀತೋ ಎಂಬ ಭಯ, ಹೇಳದಿದ್ದರೆ ಏನಾದೀತೋ ಎಂಬ ಭಯಕ್ಕಿಂತ ದೊಡ್ಡದಾಗಿತ್ತು. ಅಷ್ಟೇ ಅವನ ತಪ್ಪು.

ಅವಳು ಕಾನ್ ಸಾಹೇಬನ ಹತ್ತಿರ ಹೋದಳು. ಕಾನ್ ಕ್ವಾನನ್ನು ಕರೆಸಿ ಕೇಳಿದ. ಕ್ವಾ ನೆಲ ನೋಡುತ್ತ "ಎಲ್ಲ ಸುಖ" ಎಂದ.

"ಕೇಳಿದ್ರಲ್ಲ," ಎಂದ ಕಾನ್. "ನಡೆಸೋನೇ ಸರಿಯಿದೆ ಅಂತಾನೆ. ಹಡಗಿನವರ ಪ್ಲೇಟು ಈ ವಾರ ಹೋಗ್ಬೇಕು. ನಿಮ್ಮ ಕಣ್ಣಿಗೆ ಒಂದು ಗೇಣು ಕಂಡ್ತು ಅಂತ ಕ್ರೇನು ನಿಲ್ಸಿದ್ರೆ ನನ್ನ ತಲೆ ಹೋಗುತ್ತೆ."

"ನಿಮ್ಮ ತಲೆ ಹೋಗಲ್ಲ ಸಾರ್. ಹೋಗೋ ತಲೆ ಬೇರೆಯವರದು."

"ನೋಡಿ, ನೋಡಿ. ಇದಕ್ಕೇ ನಿಮ್ಮನ್ನ ಕರಿನಾಲಿಗೆ ಅನ್ನೋದು. ತಿಂಗಳು ಮುಗೀಲಿ ಅಮ್ಮ, ನೋಡೋಣ."

ಸಂಜೆ ತಮ್ಮನ ಮನೆಗೆ ಹೋದಳು. ಅವನು ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತು ನೆಲಗಡಲೆ ಸುಲಿಯುತ್ತಿದ್ದ. ಅವಳು ಎಲ್ಲವನ್ನೂ ಮೆತ್ತಗೆ ಹೇಳಿದಳು. ಬ್ರೇಕು, ಗೇಣು, ಎರಡು ಪೊಟ್ಟಣ. ತಿಂಗಳು ಮುಗಿಯುವವರೆಗೆ ಹುಷಾರಿಲ್ಲ ಅಂತ ರಜೆ ಹಾಕು ಎಂದಳು.

"ಹುಷಾರಿಲ್ಲ ಅಂತ ಸುಳ್ಳು ಹೇಳೋದಾ, ಈ ತಿಂಗಳಲ್ಲಿ? ಅದೇ ನಿಜ ಆಗ್ಬಿಡುತ್ತೆ," ಎಂದ. ಆಮೇಲೆ ನಕ್ಕ. "ಕ್ವಾ ಅಣ್ಣನ ಕೈ ನಂಗೆ ಗೊತ್ತು ಅಕ್ಕ. ಬ್ರೇಕು ಇದ್ರೆಷ್ಟು, ಬಿಟ್ರೆಷ್ಟು. ನೀನು ಆ ಮಾತು ಆಡಬೇಡ. ಮಕ್ಕಳಿದಾರೆ ಮನೇಲಿ."

"ಪ್ಲೇಟು ಮಕ್ಕಳ ಮುಖ ನೋಡುತ್ತೇನೋ?"

"ಬಿಡ್ತು ಅನ್ನು," ಎಂದು ತಮ್ಮನ ಹೆಂಡತಿ ಒಳಗಿಂದಲೇ ಕೂಗಿದಳು. ಚಾಯ್‌ಹುನ್ ಬಿಡ್ತು ಎಂದಳು. ನೆಲಗಡಲೆ ತಿಂದು ಎದ್ದು ಬಂದಳು.

ಆ ದಾರಿಯುದ್ದಕ್ಕೂ ಅವಳಿಗೆ ತಿಳಿದದ್ದು ಒಂದೇ. ಈ ಹುಡುಗ ಉಕ್ಕಿಗೆ ಹೆದರುವುದಿಲ್ಲ, ಮಾತಿಗೆ ಹೆದರುತ್ತಾನೆ. ಇವನನ್ನು ಆ ಜಾಗದಿಂದ ಎಬ್ಬಿಸುವುದಾದರೆ ಮಾತೇ ಎಬ್ಬಿಸಬೇಕು. ಅದು ತಲೆಗೆ ಬಂದದ್ದೇ ಅವಳು ದಾರಿಯಲ್ಲೇ ನಿಂತಳು. ಮೇಸ್ತ್ರಿಯ ಸೊಂಟ ನೆನಪಾಯಿತು. ತಾನು ಆಡಿದ್ದು ಫಲಿಸಿಬಿಟ್ಟರೆ? ಎದೆಹಾಲು ಕುಡಿಸಿಲ್ಲ ಎನ್ನುವುದೊಂದು ಬಿಟ್ಟರೆ ಅವನು ಅವಳ ಮಗನೇ. ಅವನ ಮೇಲೆ ತನ್ನ ನಾಲಿಗೆಯನ್ನೇ ಪರೀಕ್ಷೆ ಮಾಡುವುದೆ? ಆಡದೆ ಸುಮ್ಮನಿದ್ದು ಅವನು ಹೋದರೆ ಬದುಕಿರುವುದು ಹೇಗೆ? ಎರಡು ಕಡೆಯಿಂದಲೂ ಬೆಂಕಿ. ಕೊನೆಗೆ, ಬ್ರೇಕು ಜಾರುವುದನ್ನು ತಾನು ಕಣ್ಣಾರೆ ಕಂಡಿದ್ದೇನೆ, ಹಸಿದವರು ಅಸ್ತು ಅನ್ನುವುದನ್ನು ಕಿವಿಯಾರೆ ಕೇಳಿಲ್ಲ ಎಂದು ತನಗೇ ಹೇಳಿಕೊಂಡಳು. ಹೇಳಿಕೊಂಡಷ್ಟು ಸುಲಭವಾಗಿ ಧೈರ್ಯ ಬರಲಿಲ್ಲ.

ಮರುದಿನ ಬೆಳಿಗ್ಗೆ ಯಾರ್ಡಿನ ಪೂಜೆ. ಬಯಲಲ್ಲಿ ಉದ್ದನೆಯ ಮೇಜುಗಳು. ಅನ್ನ, ಹಣ್ಣು, ಇಡೀ ಕೋಳಿ, ಬಿಸ್ಕತ್ತಿನ ಡಬ್ಬಗಳು, ಬಿಯರು. ಎಲ್ಲದರ ಮೇಲೂ ಒಂದೊಂದು ಊದುಬತ್ತಿ. ಕ್ವಾ ಮುಂದೆ, ಕಾನ್ ಅವನ ಪಕ್ಕ, ಹಿಂದೆ ಇಡೀ ಯಾರ್ಡು. ಪೂಜೆ ಮುಗಿದು ಆ ಕಡೆಯವರ ಖರ್ಚಿಗೆ ಅಂತ ಕಾಗದದ ಹಣ ಸುಟ್ಟು, ಜನ ಕೈಗವಸು ಹಾಕಿಕೊಳ್ಳುತ್ತ ಕೆಲಸಕ್ಕೆ ಹೊರಡುವಾಗ ಚಾಯ್‌ಹುನ್ ಮೇಜಿನ ಮುಂದೆ ಬಂದು ನಿಂತಳು.

"ಎಲ್ಲರೂ ಕೇಳಿ," ಎಂದಳು. "ತೋ ಖುನ್‌ಸಾನ್. ತೋ ಮನೆತನದವನು, ನನ್ನ ಒಡಹುಟ್ಟಿದವನು. ಇವತ್ತು ನಾಕನೇ ಕ್ರೇನಿನ ಕೆಳಗೆ ಇವನು ಸಾಯ್ತಾನೆ. ಬ್ರೇಕು ಜಾರಿ ಪ್ಲೇಟು ಇವನ ಮೇಲೆ ಬೀಳುತ್ತೆ."

ಪೂರ್ತಿ ಹೆಸರು, ಮನೆತನದ ಸಮೇತ, ಆ ಹಸಿದವರಿಗೆ ಊಟ ಬಡಿಸಿದ ಮೇಜಿನ ಎದುರಿಗೆ. ಇದಕ್ಕಿಂತ ಕೆಟ್ಟ ಕೆಲಸ ನಮ್ಮಲ್ಲಿ ಯಾರೂ ಮಾಡಿದ್ದನ್ನು ನಾನು ಕೇಳಿಲ್ಲ. ಕ್ವಾನ ಕೈಯಿಂದ ಊದುಬತ್ತಿಯ ಕಟ್ಟು ಬಿತ್ತು.

ಖುನ್‌ಸಾನ್ ಸುಣ್ಣದಂತೆ ಬಿಳಿಚಿಕೊಂಡಿದ್ದ. "ಅಕ್ಕ, ಬಿಡ್ತು ಅನ್ನು."

"ಅನ್ನಲ್ಲ."

"ಅಕ್ಕ, ನಿನ್ನ ಕಾಲು ಹಿಡೀತೀನಿ. ಬಿಡ್ತು ಅನ್ನು."

"ಅನ್ನಲ್ಲ ಕಣೋ."

ಅವನು ಎಲ್ಲರೆದುರು ಕೈ ಮುಗಿದ. ಅವಳು ಹಲ್ಲು ಕಚ್ಚಿಕೊಂಡು ನಿಂತಳು. ಆ ಒಂದು ಮಾತು ನಾಲಿಗೆಯ ತುದಿಗೆ ಬಂದು ಬಂದು ಹೋಗುತ್ತಿತ್ತು. ಅಂದುಬಿಟ್ಟರೆ ಅವನ ಮುಖಕ್ಕೆ ರಕ್ತ ಬರುತ್ತದೆ, ಅವನು ನಿಟ್ಟುಸಿರು ಬಿಟ್ಟು ನೇರ ಹೋಗಿ ಆ ಗುಡ್ಡೆಗಳ ನಡುವೆ ನಿಲ್ಲುತ್ತಾನೆ. ಅವಳು ಅನ್ನಲಿಲ್ಲ.

ಖುನ್‌ಸಾನ್ ಕೈಗವಸು ಕಿತ್ತು ನೆಲಕ್ಕೆ ಹಾಕಿದ. "ನಾನು ಹೋಗಲ್ಲ," ಎಂದ. ಅವನ ಬದಲಿಗೆ ಹೋಗು ಅಂತ ಕಾನ್ ಇನ್ನೊಬ್ಬನಿಗೆ ಹೇಳಿದ. ಅವನೂ ಹಿಂದೆ ಸರಿದ. ಮತ್ತೊಬ್ಬನಿಗೆ ಹೇಳಿದ. ಕೊಕ್ಕೆಯವರೆಲ್ಲ ಕುರಿಮಂದೆಯಂತೆ ಒಂದು ಕಡೆ ಸೇರಿಬಿಟ್ಟರು.

"ಇದೇನು ಕೆಲಸದ ಜಾಗವೋ, ಭೂತ ಬಿಡಿಸೋ ಜಾಗವೋ?" ಎಂದು ಕಾನ್ ಗದರಿದ. "ಕ್ವಾ, ಹತ್ತು ಮೇಲೆ. ಕೆಳಗೆ ಯಾರೂ ಬೇಡ. ಎತ್ತಿ ಹಿಡ್ಕೊಂಡು ಇವರಿಗೆಲ್ಲ ತೋರ್ಸು. ನೋಡ್ಲಿ ಹೇಡಿಗಳು."

ಕ್ವಾ ಏಣಿ ಹತ್ತಿದ. ಅಷ್ಟು ನಿಧಾನವಾಗಿ ಅವನು ಹತ್ತಿದ್ದನ್ನು ಯಾರೂ ನೋಡಿರಲಿಲ್ಲ. ಪ್ಲೇಟುಗಳ ಕಟ್ಟು ಮೇಲೆದ್ದಿತು, ಗುಡ್ಡೆಗಳ ನಡುವೆ ಬಂದು ನಿಂತಿತು. ಒಂದು ಗೇಣು ಇಳಿಯಿತು. ನಿಂತಿತು. "ಕಂಡ್ತಾ?" ಎಂದು ಕಾನ್ ತಿರುಗುವಷ್ಟರಲ್ಲಿ ಇನ್ನೊಂದು ಗೇಣು ಇಳಿಯಿತು. ಆಮೇಲೆ ತಡೆಯೇ ಇಲ್ಲದಂತೆ ಬಂದು ನೆಲಕ್ಕೆ ಅಪ್ಪಳಿಸಿತು. ಮೇಜಿನ ಮೇಲಿನ ಬಿಯರಿನ ಡಬ್ಬಗಳು ಉರುಳಿದವು. ಪ್ರತಿದಿನ ಬೆಳಿಗ್ಗೆ ಖುನ್‌ಸಾನ್ ಕಾಲಿಟ್ಟು ಸವೆಸಿದ ಜಾಗ ಪ್ಲೇಟುಗಳ ಅಡಿಯಲ್ಲಿತ್ತು.

ಚಾಯ್‌ಹುನ್ ಅಲ್ಲೇ ಕುಸಿದು ಕೂತು, "ಬಿಡ್ತು, ಬಿಡ್ತು, ಬಿಡ್ತು" ಎಂದು ಬಡಬಡಿಸಿದಳು. ಗದ್ದಲದಲ್ಲಿ ಅದು ಯಾರ ಕಿವಿಗೂ ಬೀಳಲಿಲ್ಲ.

ನಾಲ್ಕನೇ ಕ್ರೇನಿಗೆ ಬೀಗ ಬಿತ್ತು. ಬಿಚ್ಚಿ ನೋಡಿದವರು ಬ್ರೇಕಿನ ಪಟ್ಟಿ ಸವೆದು ಕಾಗದವಾಗಿದೆ ಎಂದರು. ಅದನ್ನು ಯಾರು ಕೇಳಿಸಿಕೊಂಡರು? ಯಾರ್ಡಿನ ತುಂಬ ಒಂದೇ ಮಾತು: ಅವಳು ಅಂದಳು, ಬಿತ್ತು. ನೆಟ್ಟಗಿದ್ದ ಕ್ರೇನು ಅವಳ ನಾಲಿಗೆಗೆ ಬಿತ್ತು. ಖುನ್‌ಸಾನ್‌ಗೆ ಜ್ವರ ಬಂತು. ಹೆಂಡತಿ ಅವನ ಅಂಗಿಯನ್ನು ಗುಡಿಗೆ ಒಯ್ದು ಹೆದರಿಕೆ ಬಿಡಿಸುವ ಶಾಸ್ತ್ರ ಮಾಡಿಸಿದಳು. ಭಾನುವಾರ ಚಾಯ್‌ಹುನ್ ಹೂಮೀನಿನ ಸಾರು ಮಾಡಿ ಕಾದಳು. ಅವನು ಬರಲಿಲ್ಲ. ಮುಂದಿನ ಭಾನುವಾರವೂ ಬರಲಿಲ್ಲ.

ತಿಂಗಳು ಮುಗಿಯಿತು. ಬಾಗಿಲು ಮುಚ್ಚಿತು. ಪ್ಲೇಟು ಬಿದ್ದ ಸುದ್ದಿ ತಿಳಿದ ತಪಾಸಣೆಯವರು ಎಲ್ಲರಿಗೂ ಇನ್ನೊಮ್ಮೆ ಪಾಠ ಆಗಲಿ ಎಂದಿದ್ದರು. ಮತ್ತದೇ ಕೋಣೆ, ಮತ್ತದೇ ಮುಖಗಳು, ಮತ್ತದೇ ಪ್ರಶ್ನೆ. ಈಗ ನೋಡಬೇಕು ಮಾತಿನ ಭರಾಟೆ. ನಮ್ಮ ಹಗ್ಗ ಎಳೆ ಬಿಟ್ಟಿದೆ, ನಮ್ಮ ಕೊಕ್ಕೆಯ ಚಿಲಕ ಮುರಿದು ಮೂರು ವಾರವಾಯಿತು, ನಮ್ಮದು ತಾನಾಗಿ ಎಡಕ್ಕೆ ಹೋಗುತ್ತದೆ. ಒಬ್ಬನ ಮೇಲೊಬ್ಬ ಬಿದ್ದು ಹೇಳಿದರು. ಇಷ್ಟೆಲ್ಲ ಹೊಟ್ಟೆಯಲ್ಲಿ ಇಟ್ಟುಕೊಂಡು ಇವರು ತಿಂಗಳಿಡೀ ಸುಖ, ಕ್ಷೇಮ ಎಂದಿದ್ದರಲ್ಲ ಅಂತ ಅವಳ ಮೈ ಉರಿಯಿತು.

ಕೊನೆಗೆ ಕ್ವಾ ಎದ್ದ.

"ನಂಗೆ ತಿಂಗಳ ಶುರುವಿಂದಾನೇ ಗೊತ್ತಿತ್ತು," ಎಂದ. "ಮೊದಲು ಎರಡು ಬೆರಳಷ್ಟು ಜಾರ್ತಿತ್ತು. ಆಮೇಲೆ ಗೇಣು. ದಿನಾ ದೇವರಿಗೆ ಕೈಮುಗಿದು ಎತ್ತುತಿದ್ದೆ. ಖುನ್‌ಸಾನ್ ಕೆಳಗೆ ನಿಂತಾಗೆಲ್ಲ ನನ್ನ ಜೀವ ಬಾಯಿಗೆ ಬರ್ತಿತ್ತು. ಹೇಳಕ್ಕಾಗ್ಲಿಲ್ಲ."

ಎಲ್ಲರೂ ಖುನ್‌ಸಾನ್ ಕಡೆ ತಿರುಗಿದರು. ಚಾಯ್‌ಹುನ್ ಕೈಯಲ್ಲಿದ್ದ ಸೀಮೆಸುಣ್ಣವನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಈಗ ಗೊತ್ತಾಯಿತಲ್ಲ, ಈಗ ಇವನಿಗೆ ತಿಳಿಯುತ್ತದೆ ಎಂದುಕೊಂಡಳು.

ಖುನ್‌ಸಾನ್ ಕತ್ತು ತುರಿಸಿಕೊಂಡ. "ಅವನೇನು ಮಾಡ್ತಾನೆ ಪಾಪ," ಎಂದ. "ತಿಂಗಳೇ ಹಾಗಿತ್ತು." ಬೆಂಚಿನ ಮೇಲೆ ಸರಿದು ಕ್ವಾನಿಗೆ ಜಾಗ ಮಾಡಿಕೊಟ್ಟ.

ಪಾಠ ಮುಗಿದು ಜನ ಹೊರಟಾಗ ಅವಳು ಬಾಗಿಲಿಗೆ ಅಡ್ಡ ನಿಂತಳು.

"ಅವನಿಗೆ ಗೊತ್ತಿತ್ತು ಕಣೋ. ಗೊತ್ತಿದ್ದೂ ನಿನ್ನನ್ನ ಕೆಳಗೆ ನಿಲ್ಸಿದ. ಅವನ ಜೊತೆ ಮಾತಾಡ್ತೀಯ. ನನ್ನ ಜೊತೆ ಆಡಲ್ಲ."

ಅವನು ಅವಳ ಮುಖ ನೋಡಲಿಲ್ಲ. "ಅವನು ಬಾಯಿ ಮುಚ್ಕೊಂಡಿದ್ದ ಅಕ್ಕ. ನೀನು ನನ್ನ ಹೆಸರು ಹೇಳ್ದೆ. ನಾನು ಸಾಯ್ತೀನಿ ಅಂದೆ. ಊರೆಲ್ಲ ನೋಡ್ತಿರುವಾಗ ಕೈಮುಗಿದೆ, ಬಿಡ್ತು ಅನ್ನು ಅಂತ. ನೀನು ಅನ್ಲಿಲ್ಲ."

"ಅಂದಿದ್ರೆ ನೀನು ಹೋಗಿ ಕೆಳಗೆ ನಿಲ್ತಿದ್ದೆ."

"ನಿಲ್ತಿದ್ದೆ," ಎಂದ ಅವನು. "ಆದ್ರೂ ನೀನು ಅನ್ಬೇಕಿತ್ತು."

ಹೊರಗೆ ಕ್ವಾ ಕಾಯುತ್ತಿದ್ದ. ಇಬ್ಬರೂ ಗೇಟಿನ ಹೊರಗಿನ ಅಂಗಡಿಯ ಸಾರು ಕುಡಿಯಲು ಹೊರಟರು. ಚಾಯ್‌ಹುನ್ ಖಾಲಿ ಕೋಣೆಯಲ್ಲಿ ಬೆಂಚಿನ ಮೇಲೆ ಕೂತು ಅತ್ತಳು. ಅವಳು ಅತ್ತದ್ದನ್ನು ಯಾರ್ಡಿನವರು ಯಾರೂ ನೋಡಿರಲಿಲ್ಲ, ಅವತ್ತೂ ನೋಡಲಿಲ್ಲ. ಕಿಟಕಿಯಿಂದ ಅವನು ಕಾಣುತ್ತಿದ್ದ. ಏನೋ ಹೇಳುತ್ತ, ಕೈ ಆಡಿಸುತ್ತ, ನಡೆಯಲು ಕಲಿತಾಗಿನಂತೆಯೇ ಎಡಗಾಲನ್ನು ಸ್ವಲ್ಪ ಹೊರಕ್ಕೆ ಎಸೆದು ಬಯಲು ದಾಟುತ್ತಿದ್ದ. ಗೇಟಿನ ಆಚೆ ಮರೆಯಾಗುವವರೆಗೂ ಅವಳು ಆ ಕಾಲುಗಳನ್ನೇ ನೋಡಿದಳು. ಮಧ್ಯಾಹ್ನದ ತಂಡದವರು ಬಂದು ಕೂರತೊಡಗಿದಾಗ ಎದ್ದು ಮುಖ ಒರೆಸಿಕೊಂಡು ಪಾಠ ಶುರುಮಾಡಿದಳು.